ಬಿಸಿಲಲ್ಲಿ ಬೆಂದದ್ದು, ಕೆಂಡದಲ್ಲಿ ಸುಟ್ಟದ್ದು

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ಕುಮಟಾದ ಆಸುಪಾಸಿನಲ್ಲಿ ಹೆದ್ದಾರಿಯ ಬದಿಗೆ ಈರುಳ್ಳಿ ನೇತಾಡತೊಡಗುತ್ತದೆ. ಎರಡು ಗೂಟ ನೆಟ್ಟು, ಅಡ್ಡಕ್ಕೊಂದು ಗಳ ಕಟ್ಟಿ, ಒಣಗಿದ ಎಲೆಗಳನ್ನೇ ಜಡೆಯಂತೆ ಹೆಣೆದ ಗೊಂಚಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಗೋವಾ ಕಡೆಗೆ ಹೊರಟ ಕಾರು, ಮಂಗಳೂರಿಗೆ ಹೊರಟ ಲಾರಿ ಎಲ್ಲವೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಗೊಂಚಲಿನ ಬುಡದ ಗೆಡ್ಡೆಗಳನ್ನು ಒತ್ತಿ ನೋಡುವವರಿಗೆ ಮಾರುವ ಹೆಂಗಸು ಒಂದನ್ನು ಕಿತ್ತು, ಸಿಪ್ಪೆ ಸುಲಿದು ಕೈಗಿಡುತ್ತಾಳೆ. “ಹಸೀದೇ ತಿನ್ನಿ ಅಕ್ಕಾ, ಕಣ್ಣಲ್ಲಿ ನೀರು ಬರೂದಿಲ್ಲ.”

ಅವಳ ಮಾತು ನಿಜ. ಈ ಈರುಳ್ಳಿಗೆ ಖಾರ ಕಡಿಮೆ, ಸಿಹಿ ಜಾಸ್ತಿ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ, ಕಡಲ ಹತ್ತಿರದ ಮರಳು ಬೆರೆತ ಮಣ್ಣಿನಲ್ಲಿ ಬೆಳೆದು, ಬೇಸಿಗೆಯಲ್ಲಿ ಕಿತ್ತು, ನೆರಳಲ್ಲಿ ಒಣಗಿಸಿದ್ದು. ಸ್ಥಳೀಯರು ಕೊಳ್ಳುವ ಗೊಂಚಲು ಅಡುಗೆಮನೆಯ ಜಂತಿಗೆ ಹೋಗುತ್ತದೆ. ಒಲೆಯ ಹೊಗೆ ತಾಗುತ್ತ ಮಳೆಗಾಲವನ್ನು ಅದು ಅಲ್ಲೇ ದಾಟಬೇಕು.

ಕರಾವಳಿಯ ಮೀನಡುಗೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ತೆಂಗಿನಕಾಯಿ ಅರೆದ ಗಸಿ, ರವೆ ಹೊರಳಿಸಿದ ಫ್ರೈ, ಹೋಟೆಲಿನ ಕೆಂಪು ತವಾ ಮಸಾಲೆ. ಅವು ರುಚಿಯೇ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಮನೆಗಳಲ್ಲಿ ದಿನದಿನವೂ ತಟ್ಟೆಗೆ ಬರುವ ಬಹಳಷ್ಟು ಮೀನು ಕುದಿಯುವ ಸಾರನ್ನೂ ಕಾಣುವುದಿಲ್ಲ, ಕಾಯ್ದ ಎಣ್ಣೆಯನ್ನೂ ಕಾಣುವುದಿಲ್ಲ. ಹುರಿದ ಒಣ ಸಿಗಡಿಗೆ ಹಸಿ ಈರುಳ್ಳಿ, ಕಾಯಿತುರಿ, ಹುಳಿ ಬೆರೆಸಿದ ಕಿಸ್ಮೂರು ಒಂದು. ಕೆಂಡದ ಮೇಲೆ ಸುಟ್ಟ ಬಂಗುಡೆ ಇನ್ನೊಂದು. ಒಂದನ್ನು ಪೇಟೆಯವರ ಮಾತಿನಲ್ಲಿ ಸಲಾಡ್ ಎನ್ನಬಹುದು, ಇನ್ನೊಂದನ್ನು ಗ್ರಿಲ್ ಎನ್ನಬಹುದು. ಎರಡಕ್ಕೂ ಅಡುಗೆಮನೆಯಲ್ಲಿ ಹಿಡಿಯುವ ಹೊತ್ತು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇಷ್ಟು ಬೇಗ ಮುಗಿಯುವ ಅಡುಗೆಗೆ ಇಷ್ಟು ಆಳದ ರುಚಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ದಾರಿ ಗದ್ದೆಗೆ, ಉಪ್ಪಿನ ಆಗರಕ್ಕೆ, ಅಳಿವೆಯ ಕೆಸರಿಗೆ, ಮೀನು ಒಣಗಿಸುವ ಮರಳಿಗೆ ಕರೆದೊಯ್ಯುತ್ತದೆ. ಇವೆಲ್ಲವೂ ಕುಮಟಾದಿಂದ ಒಂದು ಗಂಟೆಯ ಹಾದಿಯೊಳಗೇ ಇವೆ.

ಹೆದ್ದಾರಿಯನ್ನು ಮಾದನಗೇರಿಯಲ್ಲಿ ಬಿಟ್ಟು ಗೋಕರ್ಣದ ಕಡೆ ತಿರುಗಿದರೆ ಸಾಣಿಕಟ್ಟಾ. ಗೋಕರ್ಣಕ್ಕೆ ಹೋಗುವವರಲ್ಲಿ ಹೆಚ್ಚಿನವರು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಕಣ್ಣು ಹಾಯುವಷ್ಟೂ ಚೌಕ ಚೌಕ ಮಡಿಗಳು, ನಡುವೆ ಕಾಲುವೆ, ಅಲ್ಲಲ್ಲಿ ಬಿಳಿ ಗುಡ್ಡೆಗಳು. ಅಘನಾಶಿನಿಯ ಅಳಿವೆಯಿಂದ ಭರತದ ಹೊತ್ತಿಗೆ ಏರಿ ಬರುವ ಉಪ್ಪುನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹೋಗುತ್ತಾರೆ. ಪ್ರತಿ ಮಡಿಯಲ್ಲೂ ನೀರು ಇಷ್ಟಿಷ್ಟೇ ಆರಿ ಗಟ್ಟಿಯಾಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವ ಉಪ್ಪು ಸುಮಾರು 35 ಗ್ರಾಂ. ಆ ನೀರು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಹರಳು ಕಟ್ಟುವುದಿಲ್ಲ. ಕೊನೆಯ ಮಡಿಯಲ್ಲಿ ಹರಳು ಕಾಣಿಸಿದ ಮೇಲೆ ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಬದುವಿಗೆ ಎಳೆಯುತ್ತಾರೆ. ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿ, ನೆತ್ತಿ ಸುಡುವ ಬಿಸಿಲಿನಲ್ಲಿ ಉಪ್ಪುನೀರಿನೊಳಗೆ ನಿಂತು ಮಾಡುವ ಕೆಲಸ ಇದು. ಕಾಲಿನ ಚರ್ಮ ಬಿರಿಯುತ್ತದೆ, ಬಿರಿದಲ್ಲಿ ಉಪ್ಪು ಉರಿಯುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ದಿನ ಆ ವರ್ಷದ ಉಪ್ಪು ಮುಗಿಯಿತು.

ಇಲ್ಲಿನ ಉಪ್ಪು ಅಚ್ಚ ಬಿಳಿಯಲ್ಲ. ಮಡಿಯ ಮಣ್ಣಿನ ಛಾಯೆ ತುಸು ಉಳಿದಿರುತ್ತದೆ, ಹರಳು ದಪ್ಪ, ಬೆರಳಲ್ಲಿ ಒತ್ತಿದರೆ ಒದ್ದೆಯೆನಿಸುತ್ತದೆ. ಮೀನಿಗೆ ಇದೇ ಆಗಬೇಕೆಂದು ಹಟ ಹಿಡಿಯುವವರು ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ಅದಕ್ಕೆ ಕಾರಣವೂ ಇದೆ. ನುಣ್ಣನೆಯ ಪುಡಿಯುಪ್ಪು ಹಾಕಿದೊಡನೆ ಕರಗಿ ಮೀನಿನಿಂದ ನೀರು ಬಿಡಿಸುತ್ತದೆ. ದಪ್ಪ ಹರಳು ನಿಧಾನವಾಗಿ ಕರಗುವುದರಿಂದ ಸುಡುವ ಮೀನಿನ ಸಿಪ್ಪೆಯ ಮೇಲೆ ಅಲ್ಲಲ್ಲಿ ಉಳಿದು ಹಲ್ಲಿಗೆ ಸಿಗುತ್ತದೆ.

ಈ ಸೀಮೆಗೆ ಉಪ್ಪು ಬರೀ ರುಚಿಯ ವಿಷಯವಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು ಇಲ್ಲೇ ಪಕ್ಕದ ಅಂಕೋಲೆಯಲ್ಲಿ. ಮನೆಯ ಹಿತ್ತಿಲಿನಲ್ಲೇ ಹರಳುಗಟ್ಟುವ ವಸ್ತುವಿಗೆ ಸರಕಾರಕ್ಕೆ ಸುಂಕ ಕಟ್ಟಬೇಕು ಎನ್ನುವ ಅನ್ಯಾಯವನ್ನು ದಿನಾ ಮೀನಿಗೆ ಉಪ್ಪು ಸವರುವ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಾಣಿಕಟ್ಟಾದಿಂದ ತದಡಿಗೆ ಇಳಿದರೆ ಅಘನಾಶಿನಿ ಕಡಲಿಗೆ ಸೇರುವ ಜಾಗ. ಈಚೆ ದಡದಲ್ಲಿ ದೋಣಿಗಳು ತುಂಬಿದ ಮೀನುಗಾರಿಕಾ ಬಂದರು, ಆಚೆ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಊರು. ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಇಲ್ಲಿಗೆ ಬರುವ ನದಿ ಇದು. ಅದಕ್ಕೇ ಅಳಿವೆ ಇನ್ನೂ ಜೀವಂತವಾಗಿದೆ. ಇಳಿತದ ಹೊತ್ತಿಗೆ ನೀರು ಸರಿದಾಗ ಗಂಡಸರು ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. 2024ರಲ್ಲಿ ಈ ಅಳಿವೆ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ದಡದ ಮನೆಗಳಲ್ಲಿ ಬಳಚನ್ನು ತೊಳೆದು, ನೀರೇ ಹಾಕದೆ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡುತ್ತಾರೆ. ಚಿಪ್ಪು ತಾನಾಗಿ ಬಾಯಿ ಬಿಟ್ಟು ಒಳಗಿನ ಉಪ್ಪುನೀರಿನಲ್ಲೇ ಮಾಂಸ ಬೇಯುತ್ತದೆ. ಅದಕ್ಕೆ ಕಾಯಿತುರಿ, ಹಸಿಮೆಣಸು, ಒಂದು ಚಮಚ ತೆಂಗಿನೆಣ್ಣೆ. ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು.

ಕುಮಟಾದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಹೊನ್ನಾವರ. ಶರಾವತಿಯ ಸೇತುವೆ ದಾಟಿದ ಕೂಡಲೇ ಕಾಸರಕೋಡು. ಪ್ರವಾಸಿಗರಿಗೆ ಈ ಊರು ಪರಿಚಯವಾಗಿರುವುದು 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಡಲತೀರದಿಂದ. ಅದೇ ಊರಿನ ಟೊಂಕದ ಮರಳಿಗೆ ಹೋಗುವವರು ಕಡಿಮೆ. ಕರಾವಳಿಯ ಮಳೆಗಾಲದ ಊಟ ತಯಾರಾಗುವುದು ಅಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ದಂಡೆಯುದ್ದಕ್ಕೂ ಬಲೆ ಹಾಸಿ ಸಣ್ಣ ಸಿಗಡಿ, ಬಂಗುಡೆ, ತಾರ್ಲಿ ಹರವಿರುತ್ತಾರೆ. ಇಲ್ಲಿಯವರ ಬಾಯಲ್ಲಿ ಸಿಗಡಿ ಎಂದರೆ ಶೆಟ್ಲಿ. ಬಿಸಿಲು ಏರಿದ ಹಾಗೆ ಹೆಂಗಸರು ಸಾಲಿನಿಂದ ಸಾಲಿಗೆ ಹೋಗಿ ಕೈಯಾಡಿಸಿ ಮಗುಚುತ್ತಾರೆ, ಕಾಗೆ ಓಡಿಸುತ್ತಾರೆ, ಸಂಜೆ ಇಬ್ಬನಿಗೆ ಮೊದಲು ರಾಶಿ ಮಾಡಿ ಮುಚ್ಚುತ್ತಾರೆ, ಬೆಳಿಗ್ಗೆ ಮತ್ತೆ ಹರವುತ್ತಾರೆ. ತಾಜಾ ಮೀನಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಅದು ಹೋದ ಮೇಲೆ ಉಳಿಯುವುದು ರುಚಿಯ ಸಾರ. ಹಿಡಿಯಷ್ಟು ಒಣ ಶೆಟ್ಲಿ ಒಂದು ಮನೆಯ ಗಂಜಿಗೆ ಸಾಕಾಗುವುದು ಅದಕ್ಕೇ. ಸರಿಯಾಗಿ ಒಣಗಿದ್ದನ್ನು ಅಂಗೈಯಲ್ಲಿ ಅಲುಗಿಸಿದರೆ ಗಲಗಲ ಸದ್ದು ಬರಬೇಕು, ಬಾಗಿಸಿದರೆ ಮುರಿಯಬೇಕು. ಮೆತ್ತಗಿದ್ದರೆ ಮಳೆ ಹಿಡಿದ ವಾರಕ್ಕೆ ಬೂಷ್ಟು.

ಒಣಮೀನು ಎಂದರೆ ಮೂಗು ಮುಚ್ಚಿಕೊಳ್ಳುವವರು ಇದ್ದಾರೆ. ಅವರು ಒಮ್ಮೆ ಈ ದಂಡೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಬೇಕು. ಚೆನ್ನಾಗಿ ಒಣಗಿದ ಶೆಟ್ಲಿಗೆ ನಾತವಿಲ್ಲ, ಕಡಲಿನದೊಂದು ಸಿಹಿ ವಾಸನೆ ಇದೆ. ನಾತ ಬರುವುದು ಅರ್ಧ ಒಣಗಿಸಿ ಚೀಲಕ್ಕೆ ತುಂಬಿದ್ದರಿಂದ.

ಈ ಮರಳಿನ ಮೇಲೆ ತಕರಾರೂ ಇದೆ. ಇಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆಯ ವಿರುದ್ಧ ಟೊಂಕದ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಕ್ಷೆಯಲ್ಲಿ ಖಾಲಿ ಮರಳು ಎಂದು ಕಾಣುವ ಜಾಗ ಮೀನು ಒಣಗಿಸುವವರಿಗೆ ಕಣ, ಗೋದಾಮು, ವರ್ಷದ ದುಡಿಮೆ. ಮನೆಯಡುಗೆಯ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆಯುವುದು ತಪ್ಪಾಗುತ್ತದೆ. ಮರಳಿಲ್ಲದಿದ್ದರೆ ಶೆಟ್ಲಿಯಿಲ್ಲ, ಶೆಟ್ಲಿಯಿಲ್ಲದಿದ್ದರೆ ಕಿಸ್ಮೂರಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳು ಮೊಟ್ಟೆಯಿಡುವ ಕಾಲ. ನಾಡದೋಣಿಗಳು ಕಡಲು ಶಾಂತವಿದ್ದ ದಿನ ಹೊರಟು ಸ್ವಲ್ಪ ಸ್ವಲ್ಪ ತರುತ್ತವೆ. ಉಳಿದಂತೆ ಮನೆಗಳು ಬದುಕುವುದು ಬೇಸಿಗೆಯ ದಾಸ್ತಾನಿನ ಮೇಲೆ. ಆಗ ಜಂತಿಯಿಂದ ಈರುಳ್ಳಿ ಇಳಿಯುತ್ತದೆ, ಡಬ್ಬಿಯಿಂದ ಶೆಟ್ಲಿ ಹೊರಬರುತ್ತದೆ, ಭರಣಿಯಿಂದ ಉಪ್ಪು, ಇನ್ನೊಂದು ಭರಣಿಯಿಂದ ಏಪ್ರಿಲ್‌ನಲ್ಲಿ ಹಣ್ಣಾಗಿ ಮೇ ಬಿಸಿಲಿಗೆ ಒಣಗಿದ ಮುರುಗಲ ಸಿಪ್ಪೆ. ನಾಲ್ಕೂ ಬೇಸಿಗೆಯವು, ತಟ್ಟೆಯಲ್ಲಿ ಒಂದಾಗುವುದು ಜಡಿಮಳೆಯಲ್ಲಿ.

ಕಾಸರಕೋಡಿನ ಮನೆಯೊಂದರಲ್ಲಿ ಜುಲೈನ ಮಧ್ಯಾಹ್ನ. ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿದೆಯೆಂದರೆ ಒಳಗಿನವರು ಕೂಗಿಯೇ ಮಾತಾಡಬೇಕು. ಅಜ್ಜಿ ಮೊರದಲ್ಲಿ ಒಣ ಶೆಟ್ಲಿ ಹಾಕಿಕೊಂಡು ಕೂತಿದ್ದಾಳೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ಹಿಡಿದು ತಲೆ ಚಿವುಟಿ, ಬಾಲ ಚಿವುಟಿ, ಮೀಸೆ ಉದುರಿಸಿ ಬದಿಗೆ ಸರಿಸುತ್ತಾಳೆ. ಆಮೇಲೆ ಮೊರವೆತ್ತಿ ನಾಲ್ಕು ಬಾರಿ ಕೇರುತ್ತಾಳೆ. ಹಗುರ ಕಸ ಹಾರಿಹೋಗಿ, ಮರಳು ಹಿಂದಕ್ಕೆ ಸರಿದು ಶೆಟ್ಲಿ ಮಾತ್ರ ಮಧ್ಯಕ್ಕೆ ಬರುತ್ತದೆ. ಪಕ್ಕದಲ್ಲಿ ಕೂತ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗಳು ಮೆಟ್ಟುಗತ್ತಿಯ ಮೇಲೆ ಈರುಳ್ಳಿ ಹೆಚ್ಚುತ್ತಾಳೆ.

“ಅಜ್ಜಿ, ನೀರಲ್ಲಿ ತೊಳೀಬಾರದಾ?”

“ತೊಳೆದರೆ ಬಿಸಿಲೆಲ್ಲಾ ತೊಳೆದುಹೋಗ್ತದೆ ಮಗಾ. ಮರಳು ಜಾಸ್ತಿಯಿದ್ರೆ ಮಾತ್ರ ಒಂದ್ಸಲ ಅದ್ದಿ ತೆಗಿ, ಕೂಡಲೇ ಕಾವಲಿಗೆ ಹಾಕು.”

ಕಬ್ಬಿಣದ ಕಾವಲಿ ಸಣ್ಣ ಉರಿಯಲ್ಲಿ ಕಾದಿದೆ. ಎಣ್ಣೆಯಿಲ್ಲ. ಹಿಡಿ ಶೆಟ್ಲಿ ಬಿದ್ದೊಡನೆ ಸಣ್ಣಗೆ ಚಿಟಪಟ. ಕೈ ಬಿಡದೆ ಮಗುಚಬೇಕು. ಮೊದಲು ಮಂಕಾಗಿದ್ದ ಗುಲಾಬಿ ಬಣ್ಣ ಕಂದಿಗೆ ತಿರುಗಿ ಘಮ ಏಳುತ್ತದೆ. ಅಲ್ಲಿಂದ ಅರ್ಧ ನಿಮಿಷ ಹೆಚ್ಚಾದರೂ ಕಹಿ. ತಟ್ಟೆಗೆ ಸುರಿದು ಆರಲು ಬಿಡುತ್ತಾರೆ, ಆರಿದ ಮೇಲೆ ಗರಿಗರಿ ಇನ್ನೂ ಹೆಚ್ಚುತ್ತದೆ. ಅದೇ ಕಾವಲಿಯ ಮೇಲೆ ಮೂರು ಬ್ಯಾಡಗಿ ಮೆಣಸು ಬೆಚ್ಚಗಾಗಿ ಉಬ್ಬುತ್ತವೆ. ಅವನ್ನು ಉಪ್ಪಿನ ಹರಳಿನೊಂದಿಗೆ ಕೈಯಲ್ಲೇ ಪುಡಿಮಾಡಿ, ಈರುಳ್ಳಿಗೆ ಹಾಕಿ ಕಿವುಚುತ್ತಾರೆ. ಈರುಳ್ಳಿ ತುಸು ನೀರು ಬಿಟ್ಟು ಮೆತ್ತಗಾದಾಗ ಅರ್ಧ ಹೋಳು ಕಾಯಿಯ ತುರಿ, ಮುರುಗಲ ಸಿಪ್ಪೆ ನೆನೆಸಿದ ಎರಡು ಚಮಚ ಕೆಂಪು ನೀರು, ಮೇಲೊಂದು ಚಮಚ ತೆಂಗಿನೆಣ್ಣೆ. ಎಲ್ಲರೂ ಗಂಜಿಯ ಮುಂದೆ ಕೂತ ಮೇಲೆಯೇ ಶೆಟ್ಲಿ ಬೀಳುವುದು. ಮೊದಲೇ ಬೆರೆಸಿಟ್ಟರೆ ಐದು ನಿಮಿಷಕ್ಕೆ ಮೆತ್ತಗೆ. ಉಪ್ಪು ಸಾಲದಿದ್ದರೆ ಈಗ ಹಾಕಿಕೊಳ್ಳಬೇಕು, ಏಕೆಂದರೆ ಕೆಲವರು ಉಪ್ಪು ಹಾಕಿಯೇ ಮೀನು ಒಣಗಿಸಿರುತ್ತಾರೆ.

ಕುಚ್ಚಲಕ್ಕಿಯ ಬಿಸಿ ಗಂಜಿ ಬಾಯಿಗೆ ಮೆದು. ಶೆಟ್ಲಿ ಗರಿಗರಿ, ಈರುಳ್ಳಿ ಕರಕರ, ಕಾಯಿ ಸಿಹಿ, ಮುರುಗಲು ಹುಳಿ. ಹದಿನೈದು ಸಾಮಾನು ಅರೆದ ಮಸಾಲೆ ಕೂಡ ಇಷ್ಟೊಂದು ಬಗೆಯನ್ನು ಒಂದೇ ತುತ್ತಿನಲ್ಲಿ ಕೊಡುವುದು ಅಪರೂಪ. ತುಳುನಾಡಿನ ಮನೆಗಳಲ್ಲೂ, ಗೋವಾದ ಮನೆಗಳಲ್ಲೂ ಇದರ ಅಕ್ಕತಂಗಿಯರಿದ್ದಾರೆ. ಒಂದೆಡೆ ಮುರುಗಲಿನ ಬದಲು ಹುಣಸೆ, ಇನ್ನೊಂದೆಡೆ ಶೆಟ್ಲಿಯ ಬದಲು ಸುಟ್ಟು ಎಳೆ ಬಿಡಿಸಿದ ಒಣಬಂಗುಡೆ.

ಆಗಸ್ಟ್ ಬಂದು ದೋಣಿಗಳು ಮತ್ತೆ ಇಳಿದ ಮೇಲೆ ಕತೆ ಬೇರೆ. ಮಳೆ ಕಳೆಯುತ್ತ ಬಂದಂತೆ ಬಂಗುಡೆಗೂ ತಾರ್ಲಿಗೂ ಕೊಬ್ಬು ಏರುತ್ತದೆ. ಮಂಗಳೂರಿನವರು ಬೂತಾಯಿ ಎನ್ನುವ ಈ ತಾರ್ಲಿಯಲ್ಲಿ ಎಣ್ಣೆಯಂಶ ಋತುವಿನಿಂದ ಋತುವಿಗೆ ಬಹಳ ಬದಲಾಗುತ್ತದೆ, ಸುಡಲು ಕೊಬ್ಬಿದ ಮೀನೇ ಆಗಬೇಕು. ಬಡಕಲು ಮೀನು ಕೆಂಡದ ಮೇಲೆ ಒಣಗಿ ನಾರಾಗುತ್ತದೆ. ಕೊಬ್ಬಿದ ಮೀನು ತನ್ನದೇ ಎಣ್ಣೆಯಲ್ಲಿ ಬೇಯುತ್ತದೆ. ತೊಟ್ಟಿಕ್ಕಿದ ಎಣ್ಣೆ ಕೆಂಡಕ್ಕೆ ಬಿದ್ದು ಹೊಗೆಯಾಗಿ ಮೇಲೆದ್ದು ಮತ್ತೆ ಮೀನಿಗೇ ಅಂಟುತ್ತದೆ.

ಯಂತ್ರದ ದೋಣಿಗಳು ಬರುವ ಮೊದಲು ಈ ಕರಾವಳಿಯಲ್ಲಿ ಬಂಗುಡೆ ಎಂದರೆ ರಂಪಣಿ. ಹತ್ತಾರು ಜನ ದಂಡೆಯಲ್ಲೇ ನಿಂತು ಎರಡೂ ತುದಿ ಹಿಡಿದು ಎಳೆಯುವ ಭಾರೀ ಬಲೆ. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಮೀನಿನ ಹಿಂಡನ್ನು ದಡಕ್ಕೆ ಬರುವ ಮುಂಚೆಯೇ ಸುತ್ತಿಕೊಳ್ಳತೊಡಗಿದ ಮೇಲೆ ರಂಪಣಿ ಹಿಂದೆ ಸರಿಯಿತು. ಬಲೆ ಎಳೆದು ದಣಿದವರು ಅಲ್ಲೇ ಮರಳಿನಲ್ಲಿ ತೆಂಗಿನ ಸೋಗೆ ಒಟ್ಟಿ ನಾಲ್ಕು ಬಂಗುಡೆ ಸುಟ್ಟು ತಿನ್ನುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಬೇಕಾದದ್ದು ಬೆಂಕಿ, ಉಪ್ಪು, ಆಗ ತಾನೇ ಬಂದ ಮೀನು.

ಪೇಟೆಯ ಮನೆಯಲ್ಲಿ ಇವುಗಳಲ್ಲಿ ಕಷ್ಟವಾದದ್ದು ಮೂರನೆಯದು. ಬಂಗುಡೆ ಕೊಳ್ಳುವಾಗ ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಏಳಬೇಕು, ಹೊಟ್ಟೆ ಬಿರಿದಿರಬಾರದು. ಇದು ಬರೀ ರುಚಿಯ ಮಾತಲ್ಲ. ಬಂಗುಡೆ, ತಾರ್ಲಿಯಂಥ ಮೀನು ಮಂಜುಗಡ್ಡೆಯಿಲ್ಲದೆ ಹೊತ್ತು ಕಳೆದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಬರುತ್ತದೆ. ಎಷ್ಟು ಬೇಯಿಸಿದರೂ, ಎಷ್ಟು ಸುಟ್ಟರೂ ಹಿಸ್ಟಮಿನ್ ಹೋಗುವುದಿಲ್ಲ. ಹಳಸಲು ಮೀನಿಗೆ ಮಸಾಲೆ ಜಾಸ್ತಿ ಹಾಕಿ ಸುಧಾರಿಸುವುದು ಅದಕ್ಕೇ ಅಪಾಯ. ಸಂಶಯ ಬಂದರೆ ಆ ದಿನ ಒಣ ಶೆಟ್ಲಿಯೇ ಲೇಸು.

ಒಳ್ಳೆಯ ಮೀನು ಸಿಕ್ಕಿತೆಂದರೆ ಉಳಿದದ್ದು ಸಲೀಸು. ಕಿವಿರು, ಕರುಳು ತೆಗೆದು ತೊಳೆದು, ಎರಡೂ ಮೈಗೆ ಓರೆಯಾಗಿ ಮೂರು ಗೀರು. ತಲೆ ಇರಲಿ, ಅದಿದ್ದರೆ ಮಗುಚುವಾಗ ಮೀನು ಮುರಿಯುವುದಿಲ್ಲ. ಹರಳುಪ್ಪು, ಚಿಟಿಕೆ ಅರಿಶಿನ, ಮುರುಗಲ ನೀರು ಸವರಿ ಹತ್ತು ನಿಮಿಷ. ಸುಡುವ ಮುನ್ನ ಬಟ್ಟೆಯಿಂದ ಒತ್ತಿ ತೇವ ತೆಗೆಯುವುದನ್ನು ಮರೆಯಬಾರದು. ಒದ್ದೆ ಸಿಪ್ಪೆ ಜಾಲರಿಗೆ ಅಂಟಿ ಕಿತ್ತುಬರುತ್ತದೆ. ಕೆಂಡಕ್ಕೆ ತೆಂಗಿನ ಗೆರಟೆ ಅತ್ಯುತ್ತಮ. ಹತ್ತಿಕೊಂಡಾಗ ಜ್ವಾಲೆ ಜೋರು, ಆದರೆ ಮೀನಿಡುವ ಹೊತ್ತು ಅದಲ್ಲ. ಜ್ವಾಲೆ ಇಳಿದು ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತಾಗ ಜಾಲರಿ ಕಾಯಿಸಿ, ಎಣ್ಣೆ ಒರೆಸಿ, ಮೀನಿಡಬೇಕು. ಮಧ್ಯಮ ಗಾತ್ರದ ಬಂಗುಡೆಗೆ ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ಒಂದೇ ಸಲ ಮಗುಚಬೇಕು. ಬೆಂದ ಮಗ್ಗುಲು ಜಾಲರಿಯನ್ನು ತಾನಾಗಿ ಬಿಡುತ್ತದೆ, ಬಿಡದಿದ್ದರೆ ಇನ್ನೂ ಕಾಯಬೇಕೆಂದು ಅರ್ಥ. ಗೀರಿನ ಒಳಗೆ ಬೆನ್ನುಮುಳ್ಳಿನ ಪಕ್ಕ ಮಾಂಸ ಬೆಳ್ಳಗಾಗಿ ಎಳೆಎಳೆಯಾಗಿ ಬಿಟ್ಟರೆ ಆಯಿತು.

ಮೂರನೇ ಮಹಡಿಯ ಮನೆಯಲ್ಲಿ ಗೆರಟೆ ಉರಿಸಲಾಗದವರು ಬೇಸರಪಡಬೇಕಿಲ್ಲ. ಕರಾವಳಿಯ ಮನೆಗಳಲ್ಲೇ ಅದಕ್ಕೊಂದು ದಾರಿಯಿದೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಮೇಲೆ ಬಾಳೆಲೆಯ ತುಂಡು ಹಾಸಿ, ಎಲೆಯ ಮೇಲೆ ಮೀನಿಟ್ಟು ಮುಚ್ಚಿಡುವುದು. ಎಲೆ ಕಪ್ಪಾಗಿ ಸುಡುತ್ತ ತನ್ನ ಹೊಗೆಯನ್ನು ಮೀನಿಗೆ ಕೊಡುತ್ತದೆ, ಮೀನು ಕಾವಲಿಗೆ ಅಂಟುವುದೂ ಇಲ್ಲ. ಅರಿಶಿನದ ಎಲೆ ಸಿಕ್ಕರೆ ಅದರಲ್ಲೇ ಸುತ್ತಿ ಸುಡಬಹುದು. ಕೆಂಡದ ರುಚಿ ಅದಕ್ಕಿಲ್ಲ ನಿಜ, ಆದರೆ ಘಮ ಅದರದೇ.

ಸುಡುವಾಗ ತಿನ್ನುವವರ ಲೆಕ್ಕಕ್ಕಿಂತ ಎರಡು ಬಂಗುಡೆ ಹೆಚ್ಚಿಗೆ ಸುಡುವುದು ಈ ಭಾಗದ ರೂಢಿ. ಉಳಿದದ್ದನ್ನು ತಂಪಿನಲ್ಲಿ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಮುಳ್ಳು ಬಿಡಿಸಿ ಎಳೆಎಳೆ ಮಾಡಿ, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕಾಯಿತುರಿ, ಮುರುಗಲ ನೀರಿನೊಂದಿಗೆ ಕಲಸಿದರೆ ಗಂಜಿಗೆ ಇನ್ನೊಂದು ಬಗೆಯ ಕಿಸ್ಮೂರು. ಬಂಗುಡೆಯ ಮುಳ್ಳು ಬಿಡಿಸುವ ಕೆಲಸ ಮಾತ್ರ ಬೆಳಕಿನಲ್ಲಿ ಕೂತು ಮಾಡಬೇಕು. ಬೆನ್ನುಮುಳ್ಳು ಒಂದೇ ಎಳೆತಕ್ಕೆ ಬಂದುಬಿಡುತ್ತದೆ, ಪಕ್ಕೆಯ ಕೂದಲು ಮುಳ್ಳುಗಳು ಬೆರಳಿಗಷ್ಟೇ ಗೊತ್ತಾಗುತ್ತವೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಲಸುವ ಮುನ್ನ ಇನ್ನೊಬ್ಬರ ಕೈಗೆ ಕೊಟ್ಟು ಒಮ್ಮೆ ತಡವಿ ನೋಡಲು ಹೇಳುತ್ತಾರೆ.